ಓದಿಸಿ ಕೇಳಿದ ಮೇಲೆ

ಅರಸೀಕೆರೆಯ ಕಚೇರಿ ಬೀದಿಯ ಟೈಪಿಂಗ್ ಅಂಗಡಿಗೆ ಸುವರ್ಣಮ್ಮ ಬಂದು ಕೂತರೆಂದರೆ, ಟೈಪ್ ಮಾಡುವ ಸೌಂದರ್ಯ ಆವತ್ತಿನ ಮಧ್ಯಾಹ್ನದ ಊಟ ಮರೆತ ಹಾಗೆಯೇ. ತಮ್ಮ ತೋಟದ ಹಾದಿಗೆ ಪಕ್ಕದವರು ಹಾಕಿದ ಬೇಲಿ ತೆಗೆಸಿಕೊಡಿ ಅನ್ನುವುದೊಂದೇ ಅವರ ಮಾತು; ಅದಕ್ಕೆ ಇದು ಐದನೇ ಅರ್ಜಿ. ಸೌಂದರ್ಯ ಈಗೀಗ ಕಂಪ್ಯೂಟರಿನ ಎಐಗೆ ನಾಲ್ಕು ಮಾತು ಹೇಳುತ್ತಾಳೆ, ಅದು ಎಲೆಅಡಿಕೆ ಮಡಿಸುವುದರೊಳಗೆ ಪುಟ ತುಂಬಿಸುತ್ತದೆ. ಅವಳು ಓದಿ ಹೇಳುವುದನ್ನು ಸುವರ್ಣಮ್ಮ ಕಣ್ಣು ಮುಚ್ಚಿ ಕೇಳುತ್ತಾರೆ. “ಅಬಲೆಯಾದ ನಾನು” ಎಂದು ಬಂದ ಕೂಡಲೇ ಕೈ ಎತ್ತುತ್ತಾರೆ. “ತೆಗಿಯೇ ಅದನ್ನ. ಐವತ್ಮೂರು ತೆಂಗಿನ ಮರ ಸಾಕಿದೋಳು ನಾನ್ಯಾಕೆ ಅಬಲೆ?” “ಹಂಗ್ ಬರೆದ್ರೆ ಸಾಹೇಬ್ರು ಕರಗ್ತಾರೆ ಕಣಜ್ಜಿ.” “ಕರಗೋದು ಬ್ಯಾಡ, ಬೇಲಿ ಕೀಳಿಸ್ಲಿ.” ಬೇಲಿ ಸುಮಾರು ಇಪ್ಪತ್ತು ಮಾರು ಎಂದು ಎಐ ಬರೆದಿದ್ದರೆ, “ಹದಿನೇಳು! ಅಳೆದೋಳು ನಾನು. ಅದ್ಯಾವಾಗ ಬಂದಿತ್ತು ನನ್ ತೋಟಕ್ಕೆ?” ಹಾಗಂತ ಅದರ ಮೇಲೆ ಹಗೆಯಿಲ್ಲ, ಎಷ್ಟು ಸಲ ತಿದ್ದಿಸಿದರೂ ಮುಖ ಗಂಟಿಕ್ಕುವುದಿಲ್ಲವಲ್ಲ ಎಂದು ಮೆಚ್ಚುಗೆಯೇ. ಸಹಿಸದ್ದು ಒಂದೇ ಸಾಲನ್ನು. ಯಾರೂ ಹೇಳದಿದ್ದರೂ ಅದು ಕೊನೆಗೆ “ಓದಿಸಿ ಕೇಳಿ, ಸರಿಯೆಂದು ಒಪ್ಪಿರುತ್ತೇನೆ” ಎಂದು ಸೇರಿಸಿಬಿಡುತ್ತದೆ. ಗಂಡ ತೀರಿಕೊಂಡ ತಿಂಗಳಲ್ಲಿ ಮೈದುನ ತಂದ ಕಾಗದದಲ್ಲೂ ಆ ಸಾಲಿತ್ತಂತೆ. ಯಾರೂ ಓದಿ ಹೇಳಿರಲಿಲ್ಲ. ಹೆಬ್ಬೆಟ್ಟು ಒತ್ತಿದ್ದಕ್ಕೆ ಕೆರೆ ಕೆಳಗಿನ ಗದ್ದೆ ಹೋಯಿತು. “ಅಳಸು. ಮೊದಲಿಂದ ಓದು. ನಾನು ಹೂಂ ಅಂದ್ಮೇಲೆ ಆ ಸಾಲು.” ಮೂರನೇ ಸಲ ಪೂರ್ತಿ ಕೇಳಿ, ಹೂಂ ಅಂದು, ಹೆಬ್ಬೆಟ್ಟಿನ ಶಾಯಿ ಡಬ್ಬಿಯನ್ನು ಆಚೆ ತಳ್ಳಿ, ಪೆನ್ನು ಹಿಡಿದು ತಮ್ಮ ಹೆಸರಿನ ನಾಲ್ಕಕ್ಷರವನ್ನು ಒಂದೊಂದಾಗಿ ಬರೆಯುತ್ತಾರೆ.