ಹೊಸ ಬ್ಯಾಟರಿಯ ಆಯಸ್ಸು

ಟಕ್ ಟಕ್ ಟಕ್ ಟಕ್. ಕೀಲಿ ತಿರುಗಿಸಿದಾಗ ಬಾನೆಟ್ಟಿನೊಳಗಿಂದ ಬಂದದ್ದು ಅಷ್ಟೇ. ಮೀಟರಕ್ಕ ಇನ್ನೊಮ್ಮೆ ತಿರುಗಿಸಿದಳು. ಟಕ್ ಟಕ್. ಮೂರನೆಯ ಸಲ ಅದೂ ಇಲ್ಲ. ಅವಳು ಸ್ಟಿಯರಿಂಗಿಗೆ ಹಣೆಯೊತ್ತಿ ಕೂತುಬಿಟ್ಟಳು.

ಅವಳು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿ. ತಂತಿ ಜೋಡಿಸಿಕೊಡುವುದು, ಸುಟ್ಟ ಫ್ಯೂಸು ಬದಲಿಸುವುದು, ಲೆಕ್ಕ ತಪ್ಪಿದಾಗಲೆಲ್ಲ ಮೀಟರಿನ ಮೇಲೆ ಗೂಬೆ ಕೂರಿಸುವ ಹುಡುಗರ ಬಾಯಿ ಮುಚ್ಚಿಸುವುದು ಅವಳ ಕೆಲಸ. ಆ ಹುಡುಗರು ಇಟ್ಟ ಮೀಟರಕ್ಕ ಎಂಬ ಹೆಸರೇ ಈಗ ಬೀದಿಯವರ ಬಾಯಲ್ಲೂ ಇತ್ತು. ಮನೆಯಲ್ಲಿ ಅವಳು, ಅವಳ ಅಮ್ಮ, ಇಬ್ಬರೇ. ಅಮ್ಮನ ಮೂತ್ರಪಿಂಡಗಳೆರಡೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ಬೆಳಗ್ಗೆ, ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಊದಿದ ಪಾದಗಳಿಗೆ ಬಸ್ಸಿನ ಮೆಟ್ಟಿಲೇ ಬೆಟ್ಟ. ಬಾಡಿಗೆ ಕಾರಿನವರೋ, ಅಮ್ಮ ಒಮ್ಮೆ ಸೀಟಿನ ಮೇಲೆ ವಾಂತಿ ಮಾಡಿಕೊಂಡಾಗಿನಿಂದ ಈ ಬೀದಿಯೆಂದರೆ ಫೋನು ಇಟ್ಟುಬಿಡುತ್ತಿದ್ದರು. ಉಳಿದದ್ದು ಅಪ್ಪ ಬಿಟ್ಟುಹೋದ ಈ ಹಳೆಯ ಕಾರು.

ಮೊದಲು ಅದು ನಿಂತಾಗ ಅವಳು ಗಾಬರಿಯಾಗಿರಲಿಲ್ಲ. ಹಾರ್ನು ಕೀರಲಾಗಿತ್ತು, ಹೆಡ್‌ಲೈಟು ಮಂಕಾಗಿತ್ತು, ಬ್ಯಾಟರಿಯ ತುದಿಗಳಿಗೆ ಬೂಷ್ಟು ಹಿಡಿದ ಹಾಗೆ ಬಿಳಿ ಹಸಿರು ಪುಡಿ ಕಟ್ಟಿತ್ತು. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಉಜ್ಜಿ ತೊಳೆದಳು. ಎದುರುಮನೆಯ ಕನ್ನಡಕದಂಗಡಿಯವರು ತಮ್ಮ ಕಾರು ತಂದು ಕೇಬಲ್ಲು ಜೋಡಿಸಿ, ನಿಮ್ಮ ಕಾರಿಗೆ ಇನ್ನೂ ನಮ್ಮ ಕಾರಿನ ಹಾಲು ಬಿಡಿಸಿಲ್ವಲ್ಲಮ್ಮಾ ಎಂದು ನಕ್ಕರು. ಆಸ್ಪತ್ರೆಯ ಬಾಗಿಲಲ್ಲಿ ಅದು ಮತ್ತೆ ಸತ್ತಿತು. ಹಳೆಯದಕ್ಕೆ ಆಯಸ್ಸು ಮುಗಿದಿದೆಯೆಂದು ಖಾತ್ರಿಯಾಯಿತು.

ಹೊಸದನ್ನು ಅವಳೇ ಕೂರಿಸಿದಳು. ಮೊದಲು ಕಪ್ಪು ತಂತಿ ಬಿಚ್ಚಿ, ಆಮೇಲೆ ಕೆಂಪು; ಹಾಕುವಾಗ ಕೆಂಪು ಮೊದಲು. ಅಮ್ಮ ಹೊಸ್ತಿಲಲ್ಲಿ ಕೂತು, ಮದುವೆಮನೆಯ ಅಡುಗೆ ನೋಡುವವಳ ಹಾಗೆ ನೋಡುತ್ತಿದ್ದಳು.

"ಇದು ಎಷ್ಟು ವರ್ಷ ಬಾಳುತ್ತೆ?"

"ನಾಲ್ಕೈದು ವರ್ಷ ಚಿಂತೆಯಿಲ್ಲಮ್ಮ."

"ಅಷ್ಟು ವರ್ಷಾನಾ," ಅಂದಳು ಅಮ್ಮ. ನಗಲಿಲ್ಲ.

ಆ ವಾರವೇ ಹೊಸ ಬ್ಯಾಟರಿಯೂ ಬರಿದಾಯಿತು. ಕನ್ನಡಕದಂಗಡಿಯವರು ಊರಲ್ಲಿರಲಿಲ್ಲ. ಅಮ್ಮನ ಸರದಿ ತಪ್ಪಿತು. ಲ್ಯಾಬಿನ ಚಾರ್ಜರು ತಂದು ಹಗಲೆಲ್ಲ ಹಾಕಿಟ್ಟಳು, ಮೀಟರು ತುಂಬಿದೆ ಎಂದಿತು. ಈ ಬೆಳಗ್ಗೆ ನೋಡಿದರೆ ಮತ್ತೆ ಅದೇ ಟಕ್ ಟಕ್. ಫೋನಿನಲ್ಲಿ ನರ್ಸು, ಇವತ್ತೂ ತಪ್ಪಿಸಿದರೆ ನೀರು ಎದೆಗೆ ಏರುತ್ತದೆ, ಆಮೇಲೆ ನಮ್ಮನ್ನು ಕೇಳಬೇಡಿ ಎಂದಿದ್ದಳು. ಅಮ್ಮನ ಪಾದ ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ಊರಿಂದ ಮರಳಿದ್ದ ಕನ್ನಡಕದಂಗಡಿಯವರು, ಅಂಗಡಿಯ ಬಾಗಿಲು ತೆಗೆದಿಟ್ಟು ಬಂದುಬಿಡುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದರು. ಇನ್ನೂ ಬಂದಿರಲಿಲ್ಲ.

ಕೈಕಟ್ಟಿ ಕೂರಲಾರದೆ ಅವಳು ಬಾನೆಟ್ಟು ಎತ್ತಿದಳು. ಎಲ್ಲೋ ಕರೆಂಟು ಸೋರುತ್ತಿರಬೇಕು. ಕಪ್ಪು ತಂತಿ ಬಿಚ್ಚಿ, ತಂತಿಗೂ ಬ್ಯಾಟರಿಗೂ ನಡುವೆ ಮೀಟರು ಹಿಡಿದಳು. ಸೋರಿಕೆಯಿದ್ದರೆ ಮುಳ್ಳು ಏಳಬೇಕು. ಅದು ಅಲುಗಲಿಲ್ಲ. ತಾನೇ ಸರಿಯಾಗಿ ಹಿಡಿದಿಲ್ಲವೇನೋ ಎಂದು ಮತ್ತೆ ಹಿಡಿದಳು. ಅಲುಗಲಿಲ್ಲ. ಕಾರಿಗೆ ಯಾವ ರೋಗವೂ ಇರಲಿಲ್ಲ. ರೋಗ ಸಿಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಮತ್ತೆ ಸೀಟಿನಲ್ಲಿ ಕೂತು, ಏನು ಮಾಡಲೂ ತೋಚದೆ ಒಂದೊಂದೇ ಗುಂಡಿಯನ್ನು ಸವರುತ್ತ ಹೋದಳು. ದೀಪದ ಸ್ವಿಚ್ಚಿನ ಮೇಲೆ ಬೆರಳಿಗೆ ಏನೋ ಅಂಟಿತು. ಬಿಳಿಯ ಪಟ್ಟಿ. ಸೂಜಿ ತೆಗೆದ ಮೇಲೆ ಆಸ್ಪತ್ರೆಯಲ್ಲಿ ಅಮ್ಮನ ತೋಳಿಗೆ ಹಚ್ಚುವ ಪಟ್ಟಿ. ತುದಿಯಲ್ಲಿ ಕಂದಿದ ರಕ್ತದ ಚುಕ್ಕೆ.

ಅಮ್ಮನಿಗೆ ಕಾರಿನ ವಿಷಯದಲ್ಲಿ ಗೊತ್ತಿದ್ದದ್ದು ಒಂದೇ. ಹೊಸದಾಗಿ ಮದುವೆಯಾದಾಗ ಕಾರಿನ ದೀಪ ಆರಿಸಲು ಮರೆತದ್ದಕ್ಕೆ ಅಪ್ಪ, ರಾತ್ರಿಯೆಲ್ಲ ಉರಿದರೆ ಬ್ಯಾಟರಿ ಸತ್ತೇಹೋಗುತ್ತೆ ಮಾರಾಯ್ತಿ ಎಂದು ಬೈದಿದ್ದರಂತೆ. ಆ ಕತೆಯನ್ನು ಅಮ್ಮ ನಗುತ್ತಾ ಎಷ್ಟು ಸಲ ಹೇಳಿದ್ದಳು. ಕಾರಿನ ಶೆಡ್ಡಿನ ಬಾಗಿಲು ಮುಚ್ಚಿದರೆ ಬೆಳಕು ಹೊರಗೆ ಕಾಣುವುದಿಲ್ಲ. ಅಮ್ಮ ಏಳುವುದು ಮಗಳಿಗಿಂತ ಮುಂಚೆ; ರಾತ್ರಿ ಹಚ್ಚಿದ್ದನ್ನು ಆಗ ಆರಿಸಿಬಿಟ್ಟರೆ ಸುಳಿವೇ ಉಳಿಯದು.

ಮಗಳು ಒಳಗೆ ಬಂದಾಗ ಅಮ್ಮ ತಲೆ ಬಾಚಿ, ಆಸ್ಪತ್ರೆಯ ಚೀಲ ಮಡಿಲಲ್ಲಿಟ್ಟುಕೊಂಡು, ಹೊರಡುವವಳಂತೆಯೇ ಕೂತಿದ್ದಳು. ಮಗಳು ಪಟ್ಟಿಯನ್ನು ಚೀಲದ ಮೇಲೆ ಅಂಟಿಸಿದಳು. ಅಮ್ಮ ಅದನ್ನು ಉಗುರಿನಿಂದ ಬಿಡಿಸತೊಡಗಿದಳು.

"ನಾನು ಬರಲ್ಲ ಅಂದ್ರೆ ನೀನು ಅಳ್ತೀಯ," ಅಂದಳು. "ಕಾರು ಬರಲ್ಲ ಅಂದ್ರೆ ಕಾರನ್ನ ಬೈಕೊಂಡು ಸುಮ್ಮನಾಗ್ತೀಯ."

"ಅಮ್ಮ, ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಕೇಳ್ತಿದ್ಯಾ? ನಾಲ್ಕು ಗಂಟೆ ಆ ಕುರ್ಚಿಲಿ ನನ್ನ ರಕ್ತ ಕೊಳವೇಲಿ ಹೋಗಿ ಬರೋದನ್ನ ನಾನೇ ನೋಡ್ತಾ ಕೂರಬೇಕು ಮಗಾ. ಮನೆಗೆ ಬಂದ್ರೆ ಹಿಂಡಿದ ಬಟ್ಟೆ ಥರ ಬಿದ್ದಿರ್ತೀನಿ. ಎದ್ದೆ ಅನ್ನೋಷ್ಟರಲ್ಲಿ ಮತ್ತೆ ಹೊರಡು. ಸಾಕಾಗಿದೆ ಕಣೇ."

ಬೀದಿಯಲ್ಲಿ ಹಾರ್ನು ಕೇಳಿಸಿತು. ಕನ್ನಡಕದಂಗಡಿಯವರು ಗೇಟಿನಾಚೆ ಕಾರು ತಿರುಗಿಸುತ್ತಿದ್ದರು.

ಅಮ್ಮ ಮಗಳ ಮಣಿಕಟ್ಟು ಹಿಡಿದಳು. ಊದಿದ ಬೆರಳುಗಳು ತಣ್ಣಗಿದ್ದವು. "ಅವರಿಗೆ ಬೇಡ ಅಂತ ಹೇಳಿಬಿಡು. ಇಲ್ಲಿ ಬಾ, ಕೂತ್ಕೋ. ಎಷ್ಟು ದಿನ ಆಯ್ತು ನಾವಿಬ್ಬರೂ ಸುಮ್ಮನೆ ಕೂತು ಮಾತಾಡಿ."

ಆ ಮುಖದಲ್ಲಿ ಹಟವಿರಲಿಲ್ಲ, ಬೇಡಿಕೆಯಿತ್ತು. ಅಮ್ಮ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲವೆಂದು ಮಗಳಿಗೆ ಗೊತ್ತಿತ್ತು. ಇನ್ನೊಂದು ಗಳಿಗೆ ಹೀಗೇ ನಿಂತರೆ ತಾನು ಹೂಂ ಅಂದುಬಿಡುತ್ತೇನೆ, ಪಕ್ಕದಲ್ಲಿ ಕೂತುಬಿಡುತ್ತೇನೆ, ಆಮೇಲೆ ಉಳಿಯುವುದು ಬರೀ ಕಾಯುವುದು ಅನ್ನಿಸಿತು. ಅವಳು ಕೈ ಬಿಡಿಸಿಕೊಂಡು ಒಳಬರುವಾಗ ಮೇಜಿನ ಮೇಲಿಟ್ಟಿದ್ದ ಸ್ಪ್ಯಾನರು ಎತ್ತಿಕೊಂಡಳು.

"ನಿಮ್ಮಪ್ಪ ಇದ್ದಿದ್ರೆ," ಅಮ್ಮ ಹೇಳುತ್ತಿದ್ದಳು, "ಈ ಮಾತಿಗೆ ಅವರೇನು ಅಂತಿದ್ರು ಗೊತ್ತಾ? ಕೇಳಿಲ್ಲಿ, ಅವರು..."

ಮಗಳು ಅಷ್ಟರಲ್ಲಿ ಹೊಸ್ತಿಲು ದಾಟಿ, ಬಿಚ್ಚಿಟ್ಟಿದ್ದ ಕಪ್ಪು ತಂತಿಯ ಕಡೆಗೆ ನಡೆದಿದ್ದಳು.