ಬದಲಿ ಕೂತವರು

ನಮ್ಮ ಕಡೆಯ ಹಳೆಯ ಫೋಟೋ ಸ್ಟುಡಿಯೋಗಳ ಬಗ್ಗೆ ಒಂದು ಪುಸ್ತಕ ಬರೆಯುತ್ತೇನೆಂದು ಹೊರಟಾಗ ನಮ್ಮ ಯಜಮಾನರು ನಕ್ಕರು. ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತಳಾದವಳು ನಾನು. ಬೋರ್ಡಿನ ಕಡೆ ತಿರುಗಿಕೊಂಡೇ ಕಾಪಿ ಹೊಡೆಯುವವರನ್ನು ಹಿಡಿಯುತ್ತಿದ್ದೆ. ತರಕಾರಿಯವನ ತಕ್ಕಡಿಯಾಗಲಿ, ನೆಂಟರ ಹೊಗಳಿಕೆಯಾಗಲಿ, ಯಾವುದನ್ನೂ ಪೂರ್ತಿ ನಂಬಿದವಳಲ್ಲ. ಇಂಥವಳ ಕೈಗೆ ಸಂಶೋಧನೆ ಬೇರೆ ಸಿಕ್ಕಿದರೆ ಊರಿನವರ ಗತಿಯೇನು ಎಂದು ಅವರ ಚಿಂತೆ.

ಮೊದಲು ಹೋಗಿದ್ದು ಗೌರಿಬಿದನೂರಿಗೆ. ಅಲ್ಲಿಯ ಹಳೆಯ ಸ್ಟುಡಿಯೋ ಈಗ ಮೊಬೈಲ್ ಅಂಗಡಿ. ನೆಗೆಟಿವ್‌ಗಳ ಗಾಜಿನ ಪ್ಲೇಟುಗಳೆಲ್ಲ ಏನಾದವು ಎಂದರೆ ಗೆದ್ದಲು ತಿಂದುಹಾಕಿತು ಎಂದ ಅಂಗಡಿಯವನು. ಗಾಜು ತಿನ್ನುವ ಗೆದ್ದಲು ಯಾವ ಜಾತಿಯದಪ್ಪ ಎಂದು ಕೇಳಿದೆ. ಅವನು ನನ್ನ ಫೋನು ನೋಡಿ, ಸ್ಕ್ರೀನ್ ಗಾರ್ಡ್ ಹೋಗಿದೆ, ಹೊಸದು ಹಾಕಿಸಿಕೊಳ್ಳಿ ಎಂದ.

ಚಿಂತಾಮಣಿಯಲ್ಲಿ ಹಿಂದೆ ಸ್ಟುಡಿಯೋ ನಡೆಸಿದ್ದ ಮುದುಕರೊಬ್ಬರು ಮಾತ್ರ ಸುಳ್ಳು ಹೇಳಲಿಲ್ಲ. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ, ಪ್ಲೇಟುಗಳನ್ನೆಲ್ಲ ಬಿಸಿನೀರಲ್ಲಿ ನೆನೆಹಾಕಿ ಉಜ್ಜಿ ತೊಳೆದು ದೇವರ ಪಟಕ್ಕೆ ಗಾಜು ಹಾಕಿಸಿದೆವು ಎಂದರು. ಅದನ್ನೂ ನಾನು ಸುಮ್ಮನೆ ಒಪ್ಪಲಿಲ್ಲ. ಅವರ ದೇವರ ಮನೆಗೇ ಹೋಗಿ ಪಟ ಇಳಿಸಿ ನೋಡಿದೆ. ಗಾಜಿನ ಒಂದು ಮೂಲೆಯಲ್ಲಿ ಯಾರದೋ ಪೇಟದ ಅಂಚು ಮಸುಕಾಗಿ ಉಳಿದುಕೊಂಡಿತ್ತು.

ನಿಜ ಹೇಳಿಬಿಡುತ್ತೇನೆ, ಈ ಪುಸ್ತಕವೆಲ್ಲ ಅರ್ಧ ನೆಪ. ನನಗೆ ಬೇಕಾಗಿದ್ದುದು ಶಿಡ್ಲಘಟ್ಟದ ಸ್ಟುಡಿಯೋದ ಒಂದೇ ಒಂದು ಪ್ಲೇಟು. ನಾನು ಎಂಟು ತಿಂಗಳ ಕೂಸಾಗಿದ್ದಾಗ ಅಮ್ಮ ತೀರಿಕೊಂಡಳು. ಮೇಲೂರಿನಲ್ಲಿ ನನ್ನನ್ನು ಸಾಕಿದವರು ಅಜ್ಜಿ ಮತ್ತು ಚಿಕ್ಕಮ್ಮ, ಎಂದರೆ ಅಮ್ಮನ ತಂಗಿ. ಅಮ್ಮನನ್ನು ನಾನು ನೋಡಿದ್ದು ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ. ಕುರ್ಚಿಯ ಮೇಲೆ ನೆಟ್ಟಗೆ ಕೂತ ಹೆಂಗಸು, ಗಲ್ಲದ ಮೇಲೊಂದು ಮಚ್ಚೆ, ಕೊರಳಲ್ಲಿ ಕರಿಮಣಿ. ಅಜ್ಜಿ ಹೋದ ಮೇಲೆ ಅದು ನನ್ನ ಮನೆಗೆ ಬಂತು. ಈಗೆರಡು ಮಳೆಗಾಲದಿಂದ ಅದಕ್ಕೆ ಬೂಷ್ಟು ಹತ್ತಿ ಹಣೆ, ಒಂದು ಕಣ್ಣು ಹೋಗಿವೆ. ಪ್ಲೇಟು ಸಿಕ್ಕರೆ ಹೊಸ ಪ್ರಿಂಟು ಹಾಕಿಸಬಹುದು. ಸಿಗದಿದ್ದರೆ ಅಮ್ಮನ ಮುಖವೇ ಇಲ್ಲವಾಗುತ್ತದೆ ಎಂಬ ಭಯ ನನಗೆ.

ಶಿಡ್ಲಘಟ್ಟದ ಸ್ಟುಡಿಯೋ ನಡೆಸುವವರು ಅದನ್ನು ಶುರು ಮಾಡಿದವರ ಮೊಮ್ಮಗ, ಹೆಚ್ಚುಕಡಿಮೆ ನನ್ನ ವಯಸ್ಸಿನವರು. ಈಗ ಅಲ್ಲಿ ಪಾಸ್‌ಪೋರ್ಟ್ ಫೋಟೋ, ಜೆರಾಕ್ಸ್, ಲ್ಯಾಮಿನೇಷನ್. ಹಳೆಯದೇನೂ ಉಳಿದಿಲ್ಲ ಎಂದರು. ಹಾಗೆನ್ನುವಾಗ ಅವರ ಕಣ್ಣು ಒಮ್ಮೆ ಅಟ್ಟದ ಕಡೆ ಹೋಗಿ ಬಂತು. ಪರೀಕ್ಷೆ ಹಾಲ್‌ನಲ್ಲಿ ಇಂಥ ಕಣ್ಣುಗಳನ್ನು ಎಷ್ಟು ನೋಡಿಲ್ಲ! ಅಟ್ಟದ ಮೇಲೆ ಕಬ್ಬಿಣದ ಟ್ರಂಕಿತ್ತು. ಬೆಂಗಳೂರಿನಲ್ಲಿ ಹಳೆಯ ಗಾಜಿನ ಪ್ಲೇಟುಗಳಿಗೆ ಗಿರಾಕಿಗಳಿದ್ದಾರೆ ಎಂದು ಕೇಳಿದ್ದೆ. ಈ ಮನುಷ್ಯ ಊರಿನವರ ಮುಖಗಳನ್ನು ಮಾರಿಕೊಳ್ಳುತ್ತಿದ್ದಾನೆ ಎಂದು ಅವತ್ತೇ ತೀರ್ಮಾನಿಸಿಬಿಟ್ಟೆ.

ಎರಡನೆಯ ಸಲ ಹೋದಾಗ ಕರೆಂಟಿಲ್ಲ ಎಂದರು. ಪಕ್ಕದ ಬೇಕರಿಯಲ್ಲಿ ಫ್ಯಾನು ತಿರುಗುತ್ತಿತ್ತು. ಮೂರನೆಯ ಸಲ ನಾನು ಅಮ್ಮನ ಫೋಟೋವನ್ನೇ ಬ್ಯಾಗಿನಲ್ಲಿಟ್ಟುಕೊಂಡು ಹೋದೆ. ಟೇಬಲ್ ಮೇಲಿಟ್ಟು, ಇದರ ನೆಗೆಟಿವ್ ಬೇಕಿತ್ತು ಎಂದೆ. ಅವರು ಫೋಟೋ ಎತ್ತಿಕೊಂಡು, ಕನ್ನಡಕ ಏರಿಸಿ, ಕೊರಳಿನ ಹತ್ತಿರ ಬೆರಳಿಟ್ಟು ನೋಡಿದರು. ಮುಖದ ಬಣ್ಣ ಬದಲಾಯಿತು.

“ಇದು ನಮ್ಮ ಸ್ಟುಡಿಯೋದ್ದಲ್ಲಮ್ಮ” ಎಂದರು.

ನಾನು ಫೋಟೋ ತಿರುಗಿಸಿ ತೋರಿಸಿದೆ. ಹಿಂದಿನ ರಟ್ಟಿನ ಮೇಲೆ ಅವರ ತಾತನ ಕಾಲದ ಮೊಹರು ಅಚ್ಚುಕಟ್ಟಾಗಿ ಕೂತಿತ್ತು. ನನಗೆ ಎಲ್ಲಿತ್ತೋ ಸಿಟ್ಟು. ಸತ್ತವರ ಫೋಟೋ ಮಾರಿ ತಿನ್ನುವುದಕ್ಕಿಂತ ಭಿಕ್ಷೆ ಎತ್ತಬಹುದಿತ್ತು ಎಂದುಬಿಟ್ಟೆ. ಜೆರಾಕ್ಸಿಗೆ ನಿಂತಿದ್ದ ಇಬ್ಬರು ನಮ್ಮನ್ನೇ ನೋಡಿದರು. ಸ್ಟುಡಿಯೋದವರು ಗಿರಾಕಿಗಳನ್ನು ಕಳಿಸಿ, ಶಟರ್ ಅರ್ಧ ಎಳೆದು, ಆ ಕಾಲದವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಚಿಕ್ಕಮ್ಮ ಇದ್ದಾರೆ ಎಂದೆ. ಹಾಗಿದ್ದರೆ ಅವರನ್ನು ಕೇಳಿ, ನನ್ನನ್ನು ಬಿಟ್ಟುಬಿಡಿ ಎಂದರು. ಬಿಡುವುದು ನನ್ನ ಜಾಯಮಾನವಲ್ಲ. ಟ್ರಂಕು ತೆಗೆಯದೆ ಇಲ್ಲಿಂದ ಏಳುವುದಿಲ್ಲ ಎಂದು ಕುರ್ಚಿಯಲ್ಲಿ ಗಟ್ಟಿಯಾಗಿ ಕೂತೆ.

ಕೊನೆಗೆ ಸೋತು ಟ್ರಂಕು ಇಳಿಸಿದರು. ಪ್ಲೇಟುಗಳು ಕಾಗದದ ಲಕೋಟೆಗಳಲ್ಲಿ ಊರೂರಿನ ಕಟ್ಟುಗಳಾಗಿದ್ದವು. ಜಂಗಮಕೋಟೆಯ ಕಟ್ಟು ಪಕ್ಕಕ್ಕಿಟ್ಟು ಮೇಲೂರಿನದನ್ನು ಬಿಚ್ಚಿದರು. ನಮ್ಮ ಅಜ್ಜನ ಹೆಸರಿದ್ದ ಲಕೋಟೆ ಸಿಕ್ಕಿತು. ಹೆಸರಿನ ಕೆಳಗೆ ಪೆನ್ಸಿಲ್‌ನಲ್ಲಿ ‘ಬದಲಿ’ ಎಂದು ಬರೆದಿತ್ತು. ಆ ಕಟ್ಟಿನಲ್ಲಿ ಅದೇ ಪದ ಬರೆದ ಲಕೋಟೆಗಳು ಇನ್ನೂ ನಾಲ್ಕೈದು ಇದ್ದವು. ಹಾಗೆಂದರೇನು ಎಂದೆ.

ಅವರು ತಲೆ ತಗ್ಗಿಸಿಕೊಂಡೇ ಹೇಳಿದರು. ಆಗ ಹಳ್ಳಿಯ ಜನ ಫೋಟೋ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆಂದು ಹೆದರುತ್ತಿದ್ದರು. ಮನೆಯಲ್ಲಿ ಯಾರಾದರೂ ಹೋದ ಮೇಲೆ ಪೂಜೆಗೊಂದು ಪಟ ಬೇಕೆಂದು ಅಳುತ್ತಾ ಬರುತ್ತಿದ್ದರು. “ಸತ್ತೋರ ಹೋಲಿಕೆ ಮನೇಲಿ ಯಾರಿಗಿದೆಯೋ ಅವ್ರನ್ನೇ ಕೂರುಸ್ತಿದ್ರಮ್ಮ ನಮ್ಮ ತಾತ. ಸತ್ತೋರ ಸೀರೆ ಉಡ್ಸಿ. ಆಮೇಲೆ ಪ್ಲೇಟಿನ ಮೇಲೆ ತಿದ್ದೋರು.” ಇದನ್ನು ಹೊರಗೆ ಬಾಯಿಬಿಡಬಾರದೆಂದು ತಾತ ಮನೆಯವರಿಂದೆಲ್ಲ ಭಾಷೆ ತೆಗೆದುಕೊಂಡಿದ್ದರಂತೆ. ಎಷ್ಟೋ ಮನೆಯ ದೇವರ ಕೋಣೆಯಲ್ಲಿ ಆ ಪಟಗಳು ಇವತ್ತಿಗೂ ಇವೆ. ನಾನು ಕಳ್ಳ ಅನ್ನಿಸಿಕೊಂಡರೂ ಪರವಾಗಿಲ್ಲ, ಅವರ ನೆಮ್ಮದಿ ಕೆಡಿಸುವುದು ಬೇಡ ಅನ್ನಿಸಿತು ಎಂದರು.

ಪ್ಲೇಟನ್ನು ಟ್ಯೂಬ್‌ಲೈಟಿಗೆ ಹಿಡಿದರು. ಗಲ್ಲದ ಮೇಲೆ ಚಾಕುವಿನ ಮೊನೆಯಿಂದ ಕೆರೆದ ಒಂದು ಚುಕ್ಕೆ. ಕೊರಳ ಸುತ್ತ ಸಾಲಾಗಿ ಕೆರೆದ ಚುಕ್ಕೆಗಳು. ಪ್ಲೇಟಿನಲ್ಲಿ ಕೆರೆದ ಜಾಗ ಪ್ರಿಂಟಿನಲ್ಲಿ ಕಪ್ಪಾಗುತ್ತದಂತೆ. ಮಚ್ಚೆಯೂ ಹಾಗೆ ಬಂದದ್ದು, ಕರಿಮಣಿಯೂ ಹಾಗೆ ಬಂದದ್ದು. ಕೂತವಳಿಗೆ ಮದುವೆಯಾಗಿರಲಿಕ್ಕಿಲ್ಲ, ಅದಕ್ಕೇ ಬರಿ ಕೊರಳಿಗೆ ಕರಿಮಣಿ ಕೆರೆದಿದ್ದಾರೆ ಎಂದರು ಅವರು ಮೆಲ್ಲಗೆ. ಯಾರು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂದಿದ್ದಕ್ಕೆ ಕ್ಷಮೆಯನ್ನೂ ಕೇಳದೆ ಫೋಟೋ ಬ್ಯಾಗಿಗೆ ಹಾಕಿಕೊಂಡು ಹೊರಟೆ.

ಚಿಕ್ಕಮ್ಮ ಈಗಲೂ ಇರುವುದು ಮೇಲೂರಿನಲ್ಲೇ, ನೇರ ಅಲ್ಲಿಯ ಬಸ್ಸು ಹತ್ತಿದೆ. ಊರಿನವರನ್ನೆಲ್ಲ ಅನುಮಾನಿಸಿದವಳು ನನ್ನ ಮನೆಯ ಗೋಡೆಯನ್ನು ಒಂದು ದಿನವೂ ಅನುಮಾನಿಸಿರಲಿಲ್ಲ. ಚಿಕ್ಕಮ್ಮ ಫೋಟೋದ ಹಾಗೇ ಇದ್ದಾಳೆ ಎಂದು ಚಿಕ್ಕವಳಿದ್ದಾಗ ಹೇಳಿದ್ದೆ. ಅಕ್ಕತಂಗಿ ಅಂದಮೇಲೆ ಇನ್ನೇನು, ಒಂದೇ ಅಚ್ಚು ಎಂದಿದ್ದಳು ಅಜ್ಜಿ. ನನ್ನ ಮದುವೆಯಲ್ಲಿ ಕ್ಯಾಮೆರಾ ಬಂದರೆ ಚಿಕ್ಕಮ್ಮ ಅಡುಗೆಮನೆ ಸೇರಿಕೊಳ್ಳುತ್ತಿದ್ದಳು, ಅದನ್ನು ಜಂಬ ಎಂದುಕೊಂಡಿದ್ದೆ. ಪಿತೃಪಕ್ಷದಲ್ಲಿ ಅಜ್ಜಿ ಆ ಫೋಟೋಗೆ ಹೂವಿನ ಹಾರ ಹಾಕುವಾಗ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಬದುಕಿರುವವರ ಫೋಟೋಗೆ ಹಾರ ಹಾಕಿದರೆ ಕೇಡು ಎನ್ನುವ ಊರಿನಲ್ಲಿ ಅವಳು ಪ್ರತಿವರ್ಷ ಅದನ್ನು ಸಹಿಸಿಕೊಂಡಿದ್ದಳು.

ಚಿಕ್ಕಮ್ಮ ಜಗಲಿಯಲ್ಲಿ ಕೂತು ರೇಷ್ಮೆಗೂಡಿನಲ್ಲಿ ಕರೆ ಹಿಡಿದವನ್ನು ಆರಿಸಿ ಹಾಕುತ್ತಿದ್ದಳು. ಮೊಮ್ಮಕ್ಕಳು ಬೇಡವೆಂದರೂ ಕೈ ಸುಮ್ಮನಿರುವುದಿಲ್ಲ ಅವಳದು. ನಾನು ಕುಶಲ ಕೇಳಲಿಲ್ಲ, ಚಪ್ಪಲಿಯನ್ನೂ ಬಿಡಲಿಲ್ಲ. ಫೋಟೋ ಅವಳ ಮುಂದೆ ಹಿಡಿದು, ಇದರಲ್ಲಿ ಕೂತಿರೋದು ಯಾರು ಎಂದೆ, ಕ್ಲಾಸಿನಲ್ಲಿ ಕೇಳುವ ಹಾಗೆ.

ಅವಳು ತಲೆ ಎತ್ತಲಿಲ್ಲ. “ಕೊನೆಗೂ ಕೇಳ್ದೆಯಲ್ಲ” ಎಂದಳು.

ಆಮೇಲೆ ತಾನಾಗಿಯೇ ಹೇಳಿದಳು. ಅಮ್ಮ ಹೋದ ತಿಂಗಳಿಗೆ ಅಜ್ಜಿ ಅವಳನ್ನು ಎತ್ತಿನ ಗಾಡಿಯಲ್ಲಿ ಶಿಡ್ಲಘಟ್ಟಕ್ಕೆ ಕರೆದುಕೊಂಡು ಹೋದಳಂತೆ. ಅವಳಿಗಿನ್ನೂ ಹದಿನಾರು. ಅಕ್ಕನ ಸೀರೆಯಲ್ಲಿ ಅಕ್ಕನದೇ ವಾಸನೆ ಇತ್ತಂತೆ. ಅಳಬೇಡ, ಕಣ್ಣು ಊದಿದರೆ ಅಕ್ಕನ ಹಾಗೆ ಕಾಣುವುದಿಲ್ಲ ಎಂದು ಫೋಟೋದವರು ಗದರಿದರಂತೆ. ಯಾಕೆ ಒಪ್ಪಿಕೊಂಡೆ ಎಂದು ನಾನು ಜೋರು ಮಾಡಿದೆ. ಇಷ್ಟು ವರ್ಷ ನನ್ನನ್ನು ಮಂಗ ಮಾಡಿದಿರಲ್ಲ ಎಂದೂ ಅಂದೆ.

“ನೀನು ದೊಡ್ಡೋಳಾಗಿ ಅಮ್ಮ ಎಲ್ಲಿ ಅಂದ್ರೆ ತೋರ್ಸಕ್ಕೆ ಏನಾದ್ರೂ ಬೇಕಿತ್ತಲ್ಲಮ್ಮ” ಎಂದಳು.

ನನ್ನ ಸಿಟ್ಟೆಲ್ಲ ಅಲ್ಲೇ ಜರ್‍ರನೆ ಇಳಿದುಹೋಯಿತು. ಅವಳ ಪಕ್ಕ ಕೂತು ಅತ್ತೆ, ಅರವತ್ತು ದಾಟಿದ ಹೆಂಗಸು, ಚಿಕ್ಕ ಮಕ್ಕಳ ಹಾಗೆ. ಆಮೇಲೆ ಕಣ್ಣೊರೆಸಿಕೊಂಡು, ಫೋಟೋ ಹೋಗಲಿ, ಅಮ್ಮ ನಿಜವಾಗಿ ಹೇಗಿದ್ದಳು ಹೇಳು, ಬರೆದಿಟ್ಟುಕೊಳ್ಳುತ್ತೇನೆ ಎಂದು ನೋಟ್‌ಬುಕ್ ತೆಗೆದೆ. ತನಗಿಂತ ಎತ್ತರ ಎಂದಳು. ಕೂದಲು ದಟ್ಟ. ಮಚ್ಚೆ ಇದ್ದದ್ದು ನಿಜ. ಮೂಗು ಹೇಗಿತ್ತು, ಕಣ್ಣು ಹೇಗಿತ್ತು, ನಕ್ಕರೆ ಹೇಗೆ ಕಾಣುತ್ತಿದ್ದಳು ಎಂದು ಒಂದೊಂದಾಗಿ ಕೇಳಿದೆ. ಚಿಕ್ಕಮ್ಮ ಕೈಯಲ್ಲಿದ್ದ ಗೂಡು ಕೆಳಗಿಟ್ಟು ಕಣ್ಣು ಮುಚ್ಚಿಕೊಂಡಳು.

“ಮರ್ತೋಗಿದೆ ಕಣೇ” ಎಂದಳು. “ಇಷ್ಟು ವರ್ಷ ಆ ಫೋಟೋನೇ ನೋಡ್ಕೊಂಡು ಬಂದೆ ನೋಡು. ಈಗ ಅಕ್ಕನ್ನ ನೆನೆಸ್ಕೊಂಡ್ರೆ ನನ್ ಮುಖಾನೇ ಬರ್ತದೆ.”