ಅಡ್ಡ ಮಲಗಿದ ಡ್ರಮ್ಮಿನ ಕಾಲು ಭಾಗ

ಗೆಳೆಯರೇ, ಇವತ್ತು ತಿಪಟೂರಿನ ಒಂದು ಎಣ್ಣೆ ಗಿರಣಿಯಲ್ಲಿ ಲೆಕ್ಕದ ಮೇಷ್ಟ್ರಾದ ನನಗೇ ಪರೀಕ್ಷೆ. ಅಡ್ಡ ಮಲಗಿಸಿದ ಎರಡಡಿ ಅಗಲದ ಹೊಸ ಡ್ರಮ್ಮು ಕಾಲು ಭಾಗ ತುಂಬಿದರೆ ಅಳತೆ ಕಡ್ಡಿ ಎಷ್ಟು ನೆನೆಯಬೇಕು?

"ಆರಿಂಚು ಕಣ್ರೀ, ಅದಕ್ಯಾಕೆ ಲೆಕ್ಕ?" ಎಂದರು ಮಾಲೀಕರು.

"ಡ್ರಮ್ಮು ದುಂಡಗಿದೆ, ಜಾಸ್ತಿ ಬೇಕು" ಎಂದೆ. ತೆಂಗಿನ ಮಟ್ಟೆ ರಾಶಿಯ ಮೇಲೆ ಕೂತು, ಲಾಗ್ ಟೇಬಲ್ ಬಿಚ್ಚಿ, ಒಂದು ಊಹೆ ಹಿಡಿದು ತಿದ್ದುತ್ತಾ ಹೋದೆ: ಒಂಬತ್ತು, ಏಳೂಕಾಲು, ಕೊನೆಗೆ ಏಳಿಂಚು ಚಿಲ್ಲರೆ.

ಅಷ್ಟರಲ್ಲಿ ಗಿರಣಿ ಕೆಲಸದ ರಂಗಮ್ಮ, ಹದಿನಾರು ಕೊಡ ಹಿಡಿಯುವ ಆ ಡ್ರಮ್ಮಿಗೆ ನಾಲ್ಕು ಕೊಡ ನೀರು ಸುರಿದು ತೆಂಗಿನ ಗರಿಕಡ್ಡಿ ಅದ್ದಿದ್ದರು. ಏಳಿಂಚು ಚಿಲ್ಲರೆ! ನನ್ನ ಹಾಳೆಯಲ್ಲಿ ಹೊಡೆದುಹಾಕಿದ್ದ ಅಂಕಿಗಳನ್ನು ನೋಡಿ ಕೇಳಿದರು:

"ಇಷ್ಟ್ ಸಲ ತಪ್ ಮಾಡಿದ್ರೂ ಕಾಲೇಜಲ್ಲಿ ಸಂಬ್ಳ ಕೊಡ್ತಾರಾ ಮೇಷ್ಟ್ರೇ?"

ಕೊಡ್ತಾರೆ ರಂಗಮ್ಮ. ಪ್ರತಿ ಸಲ ತಪ್ಪು ಚಿಕ್ಕದಾಗ್ತಿರಬೇಕು, ಅಷ್ಟೇ.